ಜ್ವರ ಬಿಡದ ಹುಳುವಿಗೆ ಸೊಪ್ಪು ಹಾಕಿದ್ದೆ

ಕನಕಪುರದ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ‘ಜ್ವರ’ ಅಂತೀವಿ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಮೊಟ್ಟೆಯೊಡೆದ ಮರಿ ಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು, ಹುಳು ಸುಸ್ತಾಗಿ ಮಲಗಿರುತ್ತೆ, ಎದ್ದ ತಕ್ಷಣ ಹಸಿವು ತೀರಿಸಬೇಕು ಅಂದುಕೊಂಡಿದ್ದೆ.

ಅದು ಮಳೆಗಾಲ. ಒಂದನೇ ಜ್ವರ. ಬೆಳಗಿನ ಜಾವ ಟ್ರೇ ನೋಡಿದರೆ ಅರ್ಧಕ್ಕರ್ಧ ಹುಳು ಎದ್ದು ತಲೆ ಆಡಿಸುತ್ತಿದ್ದವು. ಕರುಳು ಚುರ್ ಅಂತು. ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿಬಿಟ್ಟೆ. ಎದ್ದವು ತಿಂದವು. ಇನ್ನೂ ಪೊರೆ ಬಿಡುತ್ತಿದ್ದವು ಸೊಪ್ಪಿನಡಿ ಸಿಕ್ಕಿಕೊಂಡವು. ಹಾಸಿಗೆ ಒಣಗಿರಲಿ ಅಂತ ಉದುರಿಸಿದ್ದ ಸುಣ್ಣದ ಪುಡಿಯೂ ತೇವವಾಯಿತು.

ಎರಡನೇ ಜ್ವರಕ್ಕೆ ಕೂತಾಗ ಹುಳುಗಳನ್ನು ರೈತರ ಮನೆಗೆ ಕಳಿಸುತ್ತೇವೆ. ಆಗ ಅವು ಕದಲುವುದಿಲ್ಲ, ಸೊಪ್ಪೂ ಕೇಳುವುದಿಲ್ಲ. ಆ ಸಲ ಮಾತ್ರ ಕೆಲವು ಕೂತಿದ್ದವು, ಕೆಲವು ಇನ್ನೂ ತಿನ್ನುತ್ತಿದ್ದವು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ನಾವು ಒಂದು ಮೊಟ್ಟೆ ಅಂತೀವಿ; 100 ಮೊಟ್ಟೆ ಅಂದರೆ ಹೆಚ್ಚುಕಮ್ಮಿ 40,000 ಹುಳು. ಒಂದೊಂದನ್ನೇ ಆರಿಸಿ ಬೇರೆ ಮಾಡುವುದು ಯಾರಿಂದ ಆಗುತ್ತೆ? ಕೊನೆಗೆ ಅವು ಹಣ್ಣಾಗಿದ್ದೂ, ಅಂದರೆ ಗೂಡು ಕಟ್ಟಲು ತಯಾರಾಗಿದ್ದೂ, ಒಂದೇ ದಿನ ಅಲ್ಲ. ಆ ಹುಳು ತಗೊಂಡ ಮನೆಯವರು ನಾಲ್ಕು ದಿನ ಹುಳು ಆರಿಸಿ, ಗೂಡು ಕಟ್ಟುವ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಟ್ಟರು. ರಾಮನಗರ ಮಾರುಕಟ್ಟೆಯಲ್ಲಿ ಗೂಡಿಗೆ ರೇಟೂ ಸಿಗಲಿಲ್ಲ.

ನಾನು ಅವರ ಮನೆಗೆ ಹೋದಾಗ ಅಜ್ಜಿ ಬೈಯಲಿಲ್ಲ. ‘ಎಲ್ಲಾ ಏಳಾಗಂಟ ಕಾಯ್ಬೇಕು ಕಣಪ್ಪ. ಮುಂಚೆ ಎದ್ದಿದ್ದು ಹಸ್ಕೊಂಡಿದ್ರೆ ಸಾಯಾಕಿಲ್ಲ’ ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ನಾನು ಭೂತಗನ್ನಡಿ ಇಟ್ಟುಕೊಂಡು ಜ್ವರದ ಹುಳುವನ್ನೇ ನೋಡುತ್ತಾ ಕೂರತೊಡಗಿದೆ. ಮೊದಲು ಅದು ಸಣ್ಣ ನೂಲು ಬಿಟ್ಟು ತನ್ನ ಕಾಲುಗಳನ್ನು ಹಾಸಿಗೆಗೆ ಬಿಗಿದುಕೊಳ್ಳುತ್ತೆ. ಎದೆ ಎತ್ತಿ ಅಲ್ಲಾಡದೆ ನಿಲ್ಲುತ್ತೆ. ಮೈ ಬಿಗಿದು ಮಿಂಚುತ್ತೆ. ತಲೆಯ ಹಿಂದೆ ಕಪ್ಪನೆಯ ಸಣ್ಣ ತ್ರಿಕೋನ ಕಾಣುತ್ತೆ; ಹಳೇ ಚರ್ಮದಡಿ ತಯಾರಾಗುತ್ತಿರುವ ಹೊಸ ತಲೆ ಅದು. ಹಳೇ ಚರ್ಮಕ್ಕೂ ಹೊಸದಕ್ಕೂ ನಡುವೆ ಒಂದು ದ್ರವ ಸುರಿದು, ಹಳೆಯದರ ಒಳಪದರವನ್ನು ಕರಗಿಸುತ್ತೆ. ಸುಮಾರು ಒಂದು ದಿನ ಇದೇ ಕೆಲಸ. ಆಮೇಲೆ ತಲೆಯ ಟೊಪ್ಪಿ ಕಳಚುತ್ತೆ, ಕುತ್ತಿಗೆಯ ಹತ್ತಿರ ಚರ್ಮ ಬಿರಿಯುತ್ತೆ, ಹುಳು ಮುಂದಕ್ಕೆ ಜಾರಿ ಹೊರಬರುತ್ತೆ. ಕಾಲಿಗೆ ನೂಲು ಬಿಗಿದುಕೊಂಡಿದ್ದು ಅದಕ್ಕೇ: ಹಳೇ ಚರ್ಮ ಅಲ್ಲೇ ಹಿಡಿದಿರುತ್ತೆ. ಉಸಿರಾಡುವ ನಳಿಕೆಗಳ ಒಳಪದರ ಕೂಡ ಎಳೆಯೆಳೆಯಾಗಿ ಕಳಚಿ ಬರುತ್ತೆ. ಇಷ್ಟೆಲ್ಲ ನಡೆಯುವಾಗ ನಾವು ಕೈಯಾಡಿಸಿದರೆ?

ಹೊಸ ಚರ್ಮ ಸಡಿಲವಾಗಿ ಸುಕ್ಕುಸುಕ್ಕಾಗಿರುತ್ತೆ. ಬೆಳೆಯೋಕೆ ಜಾಗ ಬೇಕಲ್ಲ! ಮೊಟ್ಟೆಯಿಂದ ಬಂದಾಗಿನ ತೂಕಕ್ಕೆ ಹೋಲಿಸಿದರೆ ಹಣ್ಣಾಗುವ ಹೊತ್ತಿಗೆ ಹುಳು ಸುಮಾರು 10,000 ಪಟ್ಟು ಆಗಿರುತ್ತೆ.

ಪೊರೆ ಬಿಡು ಅಂತ ಮೈಗೆ ಹೇಳುವ ಹಾರ್ಮೋನಿನ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲು ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ಪ್ಯೂಪಾದಿಂದಲೇ, ಅಂದರೆ ಗೂಡಿನೊಳಗೆ ಚಿಟ್ಟೆಯಾಗಲು ಕಾಯುವ ಹಂತದಿಂದ. 500 ಕಿಲೋ ಪ್ಯೂಪಾದಿಂದ ಸಿಕ್ಕಿದ್ದು ಬರೀ 25 ಮಿಲಿಗ್ರಾಂ! ನೂಲು ಬಿಚ್ಚುವ ಕಡೆ ಪ್ಯೂಪಾದ ರಾಶಿ ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ.

ಈಗ ರೈತರು ಬೆಳಗಿನ ಜಾವವೇ ಫೋನ್ ಮಾಡುತ್ತಾರೆ: ‘ಅಣ್ಣಾ, ಎದ್ದವೆ, ಸೊಪ್ಪು ಹಾಕ್ಲಾ?’ ನಾನು ನೂರಕ್ಕೆ ಎಷ್ಟು ಎದ್ದಿವೆ ಅಂತ ಕೇಳುತ್ತೇನೆ. ತೊಂಬತ್ತೈದು ಆಗದೆ ಹೂಂ ಅನ್ನುವುದಿಲ್ಲ. ಕಿಟಕಿ ತೆಗೆದು ಗಾಳಿ ಆಡಿಸಿ, ಎಲ್ಲಾ ಎದ್ದ ಮೇಲೆ ಔಷಧಿ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಎಳೆ ಸೊಪ್ಪು ಹಾಕಿ ಅಂತೀನಿ. ಮೊನ್ನೆ ಒಬ್ಬ ಹುಡುಗ, ‘ಒಂದರ ಮೂತಿ ಮೇಲೆ ಕಪ್ಪು ಎಳ್ಳಿನ ಥರ ಏನೋ ಅಂಟ್ಕೊಂಡಿದೆ ಅಣ್ಣಾ, ಕೀಳ್ಲಾ?’ ಅಂದ. ಹಳೇ ತಲೆಯ ಟೊಪ್ಪಿ ಅದು. ‘ಬೇಡಪ್ಪ, ಅದೇ ಕಿತ್ಕೊಳ್ಳುತ್ತೆ’ ಅಂದೆ. ಅವನು ಫೋನ್ ಇಡದೆ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ, ‘ಬಿತ್ತು’ ಅಂದ.