ವೇಷ ಬಂದಿದೆ, ಕೌರವ ಎಲ್ಲಿ?

ಕಳೆದ ವರ್ಷ ಜನವರಿಯಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಯಕ್ಷಗಾನ ವೇಷಧಾರಿ ತೀರಿಕೊಂಡರು. ಉತ್ತರಕ್ರಿಯೆಯ ದಿನ ಇಡಲಿಕ್ಕೆ ದೊಡ್ಡ ಫೋಟೋ ಬೇಕು ಎಂದು ಅವರ ಮಗಳು ಸ್ಟುಡಿಯೋಕ್ಕೆ ಬಂದರು. ಜೊತೆಗೆ ಐದು ವರ್ಷದ ಮಗ. ಮನೆಯಲ್ಲಿ ಆಧಾರ್ ಕಾರ್ಡಿನ ಫೋಟೋ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. "ನಿಮ್ಮತ್ರ ರಾಶಿ ಇರತ್ತಲ್ಲ" ಅಂದರು.

ರಾಶಿಯೇ ಇತ್ತು. ಹಾರ್ಡ್ ಡಿಸ್ಕಿನಲ್ಲಿ ಅವರ ಹೆಸರಿನ ಫೋಲ್ಡರಿನೊಳಗೆ 2,300 ಚಿತ್ರಗಳು. ಗಿರ್ಕಿ ಹೊಡೆಯುವಾಗಿನದು, ರಥದ ಮೇಲೆ ಕುಳಿತದ್ದು, ಮೀಸೆ ತಿರುವಿದ್ದು, ಗದೆ ಎತ್ತಿದ್ದು. ಒಂದೊಂದನ್ನೇ ತೋರಿಸುತ್ತ ಹೋದೆ. ನನಗೆ ಒಳಗೊಳಗೇ ಹೆಮ್ಮೆ. ಆ ಹುಡುಗ ಪರದೆಗೆ ಮುಖ ಅಂಟಿಸಿ ನೋಡಿ, ಅಮ್ಮನ ಸೆರಗು ಎಳೆದು ಕೇಳಿದ: "ಇದ್ರಗೆ ಅಜ್ಜ ಯಾರ್?"

ಅವನಿಗೆ ಉತ್ತರ ಕೊಡಬಲ್ಲ ಚಿತ್ರ ಆ 2,300ರಲ್ಲಿ ಒಂದೂ ಇರಲಿಲ್ಲ. ಎಲ್ಲದರಲ್ಲೂ ಬಣ್ಣ, ಎದೆಕಟ್ಟು, ಭುಜಕೀರ್ತಿ. ನಾಳೆ ಬನ್ನಿ ಎಂದು ಅವರನ್ನು ಕಳಿಸಿ, ಅಟ್ಟದ ಮೇಲಿನ ನೆಗೆಟಿವ್ ಪೆಟ್ಟಿಗೆ ಇಳಿಸಿದೆ.

ನಾನು ಕುಂದಾಪುರದ ಒಂದು ಸ್ಟುಡಿಯೋಕ್ಕೆ ಕೆಲಸಕ್ಕೆ ಸೇರಿದ್ದು 1992ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಮೊದಲ ಎರಡು ವರ್ಷ ಡಾರ್ಕ್‌ರೂಮ್ ಬಿಟ್ಟು ಹೊರಗೆ ಬಂದದ್ದೇ ಕಡಿಮೆ. ಪಾಸ್‌ಪೋರ್ಟ್ ಫೋಟೋಗಳಿಗೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಪ್ಪು ಬಿಳುಪು ಫಿಲ್ಮು, ಮದುವೆಗೆ ಕಲರ್ ರೋಲು. ಫಿಲ್ಮು ತೊಳೆಯುವ ಹೈಪೋ ದ್ರಾವಣದ ವಾಸನೆ ಉಣ್ಣುವ ಕೈಗೂ ಅಂಟಿಕೊಂಡಿರುತ್ತಿತ್ತು. ಆಮೇಲೆ ಯಜಮಾನರು ಪೆಂಟಾಕ್ಸ್ ಕೆ 1000 ಕ್ಯಾಮೆರಾ ಕೈಗೆ ಕೊಟ್ಟು ಹರಕೆ ಆಟಗಳಿಗೆ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನಗಳಿಗೆ, ಕಳಿಸತೊಡಗಿದರು. ಆಟ ಆಡಿಸುವ ಮನೆಯವರಿಗೆ ಬೇಕಾದದ್ದು ಚೌಕಿಯ (ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದ) ಗಣಪತಿ ಪೂಜೆ, ಪ್ರಸಾದ ತೆಗೆದುಕೊಳ್ಳುವುದು, ಒಂದೆರಡು ಒಳ್ಳೆಯ ವೇಷ. ಇಡೀ ರಾತ್ರಿಗೆ ಒಂದೇ ರೋಲು, 36 ಫ್ರೇಮು. ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗಿನ ಜಾವ ಮಂಗಳ ಹಾಡುವವರೆಗೆ ಅಷ್ಟರಲ್ಲೇ ಸುಧಾರಿಸಬೇಕು.

ಆ ಕ್ಯಾಮೆರಾದಲ್ಲಿ ಫ್ಲಾಶ್ ಹಾಕಿದರೆ ಶಟರಿನ ವೇಗ ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುವಂತಿರಲಿಲ್ಲ. ಅದು ದೊಡ್ಡ ತೊಂದರೆಯಲ್ಲ. ತೊಂದರೆ ಫ್ಲಾಶಿನ ಬೆಳಕಿನದ್ದೇ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ವೇಷಧಾರಿ ಹತ್ತು ಅಡಿಯಲ್ಲಿದ್ದರೆ ಹಿಂದೆ ಕುಳಿತು ಹಾಡುವ ಭಾಗವತರು ಇಪ್ಪತ್ತು ಅಡಿಯಲ್ಲಿ. ವೇಷದ ಮೇಲಿನ ಕನ್ನಡಿ ಚೂರು, ಬೇಗಡೆಗಳೆಲ್ಲ ಝಗ್ಗೆಂದು ಹೊಳೆದು, ಹಿಂದಿನ ಭಾಗವತರು, ಮದ್ದಲೆ, ಚೆಂಡೆ ಎಲ್ಲ ಕತ್ತಲೆಯೊಳಗೆ ಮುಳುಗಿ ಹೋಗುತ್ತಿದ್ದವು. ಆಟ ನೋಡಿದವರಿಗೆ ಗೊತ್ತು, ಯಕ್ಷಗಾನದ ಕತೆ ನಡೆಯುವುದು ಭಾಗವತರ ಬಾಯಲ್ಲಿ. ಅವರ ಪದ್ಯಕ್ಕೆ ವೇಷ ಉತ್ತರ ಕೊಡುತ್ತದೆ. ನನ್ನ ಫೋಟೋಗಳಲ್ಲಿ ವೇಷ ಕಪ್ಪು ಗೋಡೆಯ ಮುಂದೆ ಒಂಟಿಯಾಗಿ ನಿಂತು ಯಾರಿಗೋ ಉತ್ತರ ಕೊಡುತ್ತಿತ್ತು.

ಎಷ್ಟೋ ವರ್ಷಗಳ ನಂತರ, ಫೋಟೋಗ್ರಫಿಯ ಆದ್ಯರಲ್ಲೊಬ್ಬನಾದ ಫ್ರಾನ್ಸಿನ ಡಾಗೆರ್ 1838ರಲ್ಲಿ ಪ್ಯಾರಿಸಿನ ಒಂದು ಬೀದಿಯನ್ನು ತೆಗೆದ ಚಿತ್ರ ನೋಡಿದಾಗ ಇದೇ ನೆನಪಾಯಿತು. ಗಾಡಿ ಕುದುರೆ ಜನರಿಂದ ಗಿಜಿಗುಟ್ಟುವ ಬೀದಿ ಅದು. ಆದರೆ ಎಕ್ಸ್‌ಪೋಷರ್‌ಗೆ ನಿಮಿಷಗಟ್ಟಲೆ ಬೇಕಿದ್ದರಿಂದ ಓಡಾಡುವವರು ಯಾರೂ ತಟ್ಟೆಯ ಮೇಲೆ ಉಳಿಯಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಅಲುಗದೆ ನಿಂತ ಒಬ್ಬ ಮನುಷ್ಯ ಮಾತ್ರ ಬೀದಿಯ ಮೂಲೆಯಲ್ಲಿ ಕಾಣುತ್ತಾನೆ. ಯಾರನ್ನು ಉಳಿಸಬೇಕು, ಯಾರನ್ನು ಅಳಿಸಬೇಕು ಎನ್ನುವುದರಲ್ಲಿ ಕ್ಯಾಮೆರಾದ ಕೈ ಆವತ್ತಿನಿಂದಲೂ ಇದೆ. ನಾವು ಅದನ್ನು ಗಮನಿಸುವುದಿಲ್ಲ ಅಷ್ಟೆ.

ಫ್ಲಾಶ್ ಬೇಡವೆಂದು ಐಎಸ್ಒ (ಬೆಳಕು ಹಿಡಿಯುವ ಶಕ್ತಿಯ ಅಳತೆ) 400ರ ಫಿಲ್ಮನ್ನು 1600ರದ್ದೆಂದು ಬಳಸಿ, ಅದಕ್ಕೆ ತಕ್ಕ ಹಾಗೆ ಹೆಚ್ಚು ಹೊತ್ತು ತೊಳೆಸಿಯೂ ನೋಡಿದೆ. ರಂಗಸ್ಥಳದ ಬೆಳಕು ಸಾಲುತ್ತಿರಲಿಲ್ಲ. ಮುಖದ ಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಕಾಳುಕಾಳು. 2005ರಲ್ಲಿ ಮೊದಲ ಡಿಜಿಟಲ್, ನಿಕಾನ್ ಡಿ 70 ಬಂತು. ಅದರ ಮಿತಿಯೂ 1600. ರೋಲಿನ ಖರ್ಚು ಉಳಿಯಿತೇ ಹೊರತು ರಾತ್ರಿ ಬದಲಾಗಲಿಲ್ಲ.

ರಾತ್ರಿ ಬದಲಾದದ್ದು 2011ರಲ್ಲಿ, ಸೆಕೆಂಡ್ ಹ್ಯಾಂಡ್ ಡಿ 700 ಕೊಂಡಾಗ. ಐಎಸ್ಒ 6400ಕ್ಕೆ ಇಟ್ಟು, ಫ್ಲಾಶ್ ಬ್ಯಾಗಿನಲ್ಲೇ ಬಿಟ್ಟು, ಮೊದಲ ಆಟಕ್ಕೆ ಹೋದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಭಾಗವತರು ಕಂಡರು. ಜಾಗಟೆ ಹಿಡಿದ ಕೈ ಕಂಡಿತು. ಮದ್ದಲೆಯವರು ವೇಷಧಾರಿಯ ಕಾಲನ್ನೇ ನೋಡುತ್ತ ಬಾರಿಸುವುದು ಕಂಡಿತು. ಹದಿನೇಳು ವರ್ಷ ಅದೇ ರಂಗಸ್ಥಳದ ಮುಂದೆ ಕುಳಿತವನು ಹಿಮ್ಮೇಳದವರ ಮುಖಗಳನ್ನು ಮೊದಲ ಸಲ ನನ್ನ ಚಿತ್ರದಲ್ಲಿ ನೋಡಿದೆ. ಆಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಹಳೆಯ ಕ್ಯಾಮೆರಾವೇ ಒಳ್ಳೆಯದಿತ್ತು ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಕತೆಯ ಅರ್ಧ ಭಾಗ ನನಗೆ ಸಿಕ್ಕಿದ್ದು ಹೊಸ ಯಂತ್ರದಿಂದ.

ಆ ಉಮೇದಿನಲ್ಲಿ ಒಂದು ಆಟಕ್ಕೆ ಎಂಟುನೂರು, ಸಾವಿರ ಚಿತ್ರ ತೆಗೆಯತೊಡಗಿದೆ. 2012ರ ಮಾರ್ಚಿನಲ್ಲಿ ಒಂದು ಗದಾಯುದ್ಧದ ಆಟ. ಈಗ ತೀರಿಕೊಂಡರೆಂದು ಹೇಳಿದೆನಲ್ಲ, ಅವರದ್ದೇ ಕೌರವ. ವಾರದ ಮೇಲೆ ಹತ್ತು ಪ್ರಿಂಟ್ ಹಾಕಿಸಿ ಅವರ ಮನೆಗೆ ಕೊಂಡುಹೋದೆ. ಎಲ್ಲವೂ ಚೂಪಾಗಿದ್ದವು, ಬೆವರಿನ ಹನಿ ಎಣಿಸಬಹುದಿತ್ತು. ಅವರು ಚಾವಡಿಯಲ್ಲಿ ಕುಳಿತು ಕವಳ ಹಾಕುತ್ತ ಹತ್ತನ್ನೂ ಎರಡು ಸಲ ನೋಡಿದರು. ಆಮೇಲೆ, "ವೇಷ ಲಾಯ್ಕ್ ಬಂದಿತ್ತ್ ಮರಾಯ. ಕೌರವ ಎಲ್ಲಿದ್ದ?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಗದೆ ಎತ್ತುವಾಗ ಯಾರು ಎತ್ತಿದರೂ ವೀರನೇ. ಭೀಮನೂ ಹಾಗೇ ಎತ್ತುತ್ತಾನೆ. ಕೌರವ ಕೌರವನಾಗುವುದು ಅದಕ್ಕೆ ಮೊದಲು. ತಮ್ಮಂದಿರು, ಮಕ್ಕಳು, ಕರ್ಣ ಎಲ್ಲ ಸತ್ತ ರಣರಂಗದಲ್ಲಿ ಒಬ್ಬನೇ ನಡೆಯುವಾಗ, ಕೊಳದೊಳಗೆ ಅಡಗಿ ಕುಳಿತವನಿಗೆ ಭೀಮನ ಮೂದಲಿಕೆ ಕೇಳಿಸಿದಾಗ, ಏಳಬೇಕೋ ಬೇಡವೋ ಎನ್ನುವ ಆ ಒಂದು ಗಳಿಗೆಯಲ್ಲಿ. "ಆಗ ನಾನು ಕುಣಿಯುವುದಿಲ್ಲ, ಅದಕ್ಕೇ ನೀನು ತೆಗೆಯಲಿಲ್ಲ" ಎಂದರು.

ಮನೆಗೆ ಬಂದು ಕಾರ್ಡಿನಲ್ಲಿದ್ದ ಚಿತ್ರಗಳನ್ನೆಲ್ಲ ಹುಡುಕಿದೆ. ನಿಧಾನಗತಿಯ ಪದ್ಯ ನಡೆದಷ್ಟೂ ಹೊತ್ತು ನಾನು ತೆಗೆದದ್ದು ನಾಲ್ಕು ಚಿತ್ರ. ನಾಲ್ಕರಲ್ಲೂ ಫೋಕಸ್ ಮುಂದಿನ ಕಂಬದ ಮೇಲೆ. ಚಾ ಕುಡಿಯಲು ಎದ್ದು ಹೋಗಿದ್ದೆ ಅನ್ನಿಸುತ್ತದೆ.

ಆವತ್ತಿನಿಂದ ಯಾವ ಪ್ರಸಂಗ ಎಂದು ಮೊದಲೇ ಕೇಳಿಕೊಂಡು, ಪುಸ್ತಕ ಸಿಕ್ಕರೆ ಓದಿಕೊಂಡು ಹೋಗುತ್ತೇನೆ. ಪದ್ಯಗಳ ಸಾಲು ಗೊತ್ತಿದ್ದರೆ ಕಾಯುವುದು ಎಲ್ಲಿ ಎಂದು ಗೊತ್ತಿರುತ್ತದೆ. ಕುಣಿತ ಬಾರದವರು ಆಟದ ಫೋಟೋ ತೆಗೆಯಬಹುದು, ತಾಳ ಗೊತ್ತಿಲ್ಲದವರಿಗೆ ಮಾತ್ರ ಕಷ್ಟ.

ಇದು ಬೇರೆ ದಾರಿಯಲ್ಲೂ ನನಗೆ ಉಪಯೋಗಕ್ಕೆ ಬಂತು. 2019ರಲ್ಲಿ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಸದ್ದೇ ಇಲ್ಲದ ಶಟರ್, ಚೌಕಿಯೊಳಗೂ ತೆಗೆಯಬಹುದು ಎಂದು ಖುಷಿ. ಅಷ್ಟರಲ್ಲಿ ರಂಗಸ್ಥಳಕ್ಕೆ ಎಲ್ಇಡಿ ದೀಪ ಬಂದಾಗಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುತ್ತದೆ. ವೇಗ 500ರಲ್ಲಿ ಒಂದಕ್ಕೆ ಇಟ್ಟರೆ ಕೆಲವು ಸಾಲು ಬೆಳಕಿನಲ್ಲಿ, ಕೆಲವು ಸಾಲು ಕತ್ತಲಲ್ಲಿ. ಮೊದಲ ರಾತ್ರಿಯ ಚಿತ್ರಗಳಲ್ಲಿ ಕಿರೀಟದ ಮೇಲೆಲ್ಲ ಕಪ್ಪು ಪಟ್ಟೆ. ಅದಕ್ಕೆ ಮದ್ದು ಶಟರನ್ನು 100ರಲ್ಲಿ ಒಂದಕ್ಕೋ 50ರಲ್ಲಿ ಒಂದಕ್ಕೋ ಇಳಿಸುವುದು. ಇಳಿಸಿದರೆ ಗಿರ್ಕಿ ಮಸುಕಾಗುತ್ತದೆ. ಹಾಗಾಗಿ ಮುಕ್ತಾಯದ ಪೆಟ್ಟು ಬಿದ್ದು ವೇಷ ಅರೆಕ್ಷಣ ನಿಲ್ಲುತ್ತದಲ್ಲ, ಅಲ್ಲಿ ಒತ್ತಬೇಕು. ಕೆ 1000 ಹಿಡಿದು 60ರಲ್ಲಿ ಒಂದರ ಶಟರಿನಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದೂ ಅದೇ ಅರೆಕ್ಷಣಕ್ಕೆ. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಚಿತ್ರ ತೆಗೆಯುವ ಯಂತ್ರ ಕೈಯಲ್ಲಿದ್ದರೂ ಚೆಂಡೆಗೆ ಕಿವಿಗೊಟ್ಟು ಒಂದೊಂದೇ ಒತ್ತುತ್ತೇನೆ. ಕಣ್ಣು ಹುಡುಕಿ ಫೋಕಸ್ ಮಾಡುವ ಸೌಕರ್ಯ ಪುಂಡುವೇಷ, ಸ್ತ್ರೀವೇಷಗಳಿಗೆ ಬಹಳ ಚೆನ್ನಾಗಿದೆ. ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟೆ (ಮುಳ್ಳಿನಂಥ ಉಬ್ಬು ಚುಕ್ಕೆ) ಇಟ್ಟ ಬಣ್ಣದ ವೇಷ, ಅಂದರೆ ರಾಕ್ಷಸರಂಥ ವೇಷ, ಬಂದರೆ ಮಾತ್ರ ನನ್ನ ಕ್ಯಾಮೆರಾ ಅದನ್ನು ಮುಖವೆಂದೇ ಒಪ್ಪುವುದಿಲ್ಲ, ಹಿಂದಿನ ಮದ್ದಲೆಯವರ ಕಣ್ಣಿಗೆ ಹೋಗಿ ಕೂರುತ್ತದೆ. ಆಗ ಕೈಯಿಂದಲೇ ತಿರುಗಿಸಿಕೊಳ್ಳುವುದು.

ಹೆಸರಿನ ವಿಷಯವೂ ಒಂದಿದೆ. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಕವರಿನ ಮೇಲೆ ಯಜಮಾನರು ಪೆನ್ಸಿಲಿನಲ್ಲಿ ಬರೆಸುತ್ತಿದ್ದರು: ಮೇಳ, ಪ್ರಸಂಗ, ಯಾರ ಮನೆಯ ಆಟ, ತಾರೀಕು. ಡಿಜಿಟಲ್ ಫೈಲು ಸೆಕೆಂಡಿನ ಲೆಕ್ಕದಲ್ಲಿ ಹೊತ್ತು ಬರೆದುಕೊಳ್ಳುತ್ತದೆ, ಲೆನ್ಸು, ಶಟರು, ಐಎಸ್ಒ ಎಲ್ಲ ಬರೆದುಕೊಳ್ಳುತ್ತದೆ. ಅಭಿಮನ್ಯು ಯಾರು ಮಾಡಿದ್ದು ಎಂದು ಬರೆದುಕೊಳ್ಳುವುದಿಲ್ಲ. ಹೇಗೂ ಎಲ್ಲ ಫೈಲಿನಲ್ಲಿದೆಯಲ್ಲ ಎಂದು ನಾನೂ ಬರೆಯುವುದು ಬಿಟ್ಟೆ. 2006ರಿಂದ 2012ರವರೆಗಿನ ನೂರಾರು ಚಿತ್ರಗಳಲ್ಲಿ ಚೆಂಡೆ ಬಾರಿಸುತ್ತಿರುವವರು ಯಾರೆಂದು ಈಗ ಹಿರಿಯರ ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಕೆಲವರನ್ನು ಗುರುತಿಸಬಲ್ಲವರೇ ಈಗಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ಕ್ಯಾಮೆರಾ ಯಾವುದು ಕೊಳ್ಳಬೇಕೆಂದು ನಾನು ಹೇಳಲಾರೆ. ಆಟ ಮುಗಿದ ಬೆಳಿಗ್ಗೆಯೇ ಹೆಸರು ಬರೆದಿಡಿ ಎಂದು ಕೈಮುಗಿದು ಹೇಳುತ್ತೇನೆ.

ಆ ಪೆಟ್ಟಿಗೆಗೆ ಬರುತ್ತೇನೆ. 1996ರ ಒಂದು ಕವರು, ಹರಕೆ ಆಟದ್ದು. ಅದರ ಕೊನೆಯ ಪಟ್ಟಿಯಲ್ಲಿ 35ನೇ ಫ್ರೇಮು. ಚೌಕಿಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡಗೈಯಲ್ಲಿ ಚಿಕ್ಕ ಕನ್ನಡಿ ಹಿಡಿದ ಮನುಷ್ಯ. ಮುಖಕ್ಕೆ ಬಣ್ಣದ ಮೊದಲ ಪದರ ಬಿದ್ದಿದೆ. ಒಂದು ಕಣ್ಣಿಗೆ ಕಾಡಿಗೆ ತೀಡಿ ಆಗಿದೆ, ಇನ್ನೊಂದು ಬರಿದು. ಮೈಮೇಲೆ ಬರೀ ಬನಿಯನ್ನು. ಪಕ್ಕದವರು ಏನೋ ತಮಾಷೆ ಹೇಳಿರಬೇಕು, ಕಾಡಿಗೆ ಇಲ್ಲದ ಕಣ್ಣಿನಲ್ಲಿ ನಗು. ಬಲ್ಬಿನ ಬೆಳಕಿಗೆ ಇಡೀ ಚಿತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಫೋಕಸ್ಸೂ ಕೂದಲೆಳೆಯಷ್ಟು ತಪ್ಪಿದೆ.

ಇದನ್ನು ನಾನು ಯೋಚಿಸಿ ತೆಗೆದದ್ದಲ್ಲ. ಮುಂಚಿನ ಮದುವೆಯೊಂದರಲ್ಲಿ ಅರ್ಧ ಖರ್ಚಾದ ರೋಲು ಕ್ಯಾಮೆರಾದಲ್ಲಿತ್ತು. ಆಟ ಶುರುವಾಗುವ ಮೊದಲು ಅದನ್ನು ಮುಗಿಸಿ ಹೊಸದು ಹಾಕಬೇಕಿತ್ತು. ರೋಲು ಮುಗಿಸಲಿಕ್ಕೆಂದು ಸುಮ್ಮನೆ ಎದುರಿದ್ದದ್ದನ್ನು ಒತ್ತಿದ್ದು. ಸ್ಟುಡಿಯೋದವರೆಲ್ಲ ಹೀಗೆ ಮಾಡುತ್ತಿದ್ದೆವು.

ಸ್ಕ್ಯಾನ್ ಮಾಡಿದೆ. ನೆಗೆಟಿವಿಗೆ ಬೂಸರು ಹಿಡಿದಿತ್ತು, ಗೀರು ಬಿದ್ದಿತ್ತು. ಹಳೆಯ ಫೋಟೋ ತಾನಾಗಿ ಸರಿಮಾಡುವ ಒಂದು ಆಪ್‌ಗೆ ಹಾಕಿ ನೋಡಿದೆ. ಹತ್ತು ಸೆಕೆಂಡಿನಲ್ಲಿ ಗೀರು ಮಾಯ, ಚರ್ಮ ಹೊಸ ಬಟ್ಟೆಯ ಹಾಗೆ ನುಣುಪು. ಎರಡನೆಯ ಕಣ್ಣಿಗೂ ಕಾಡಿಗೆ ಬಂದುಬಿಟ್ಟಿತ್ತು! ಎರಡು ಕಣ್ಣು ಸಮ ಇರಬೇಕೆಂದು ಅದು ತೀರ್ಮಾನಿಸಿತ್ತು. ನಗುವೂ ಎಲ್ಲೋ ಹೋಗಿತ್ತು. ಅದನ್ನು ಅಳಿಸಿ, ರಾತ್ರಿ ಎರಡು ಗಂಟೆಯವರೆಗೆ ಕುಳಿತು ಬೂಸರಿನ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಕೈಯಿಂದ ತೆಗೆದೆ. ಅದೂ ಯಂತ್ರದ ಕೆಲಸವೇ, ಆದರೆ ಬರಿದಾದ ಕಣ್ಣು ಬರಿದಾಗೇ ಉಳಿಯಿತು. ಮರುದಿನ ಪ್ರಿಂಟ್ ಕೈಗೆ ಕೊಟ್ಟಾಗ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಹುಡುಗ ನೋಡಿದ ಕೂಡಲೇ "ಅಜ್ಜ" ಎಂದ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ಬದುಕಿಡೀ ತೆಗೆದದ್ದು ಇಂಥ ಸಾಮಾನ್ಯ ಜನರನ್ನು, ಮಕ್ಕಳನ್ನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಚಿತ್ರಗಳನ್ನು ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತ್ತು. ಚೌಕಿಯೊಳಗೆ ಕುಳಿತಾಗ ಅವರ ಚಿತ್ರಗಳು ನೆನಪಾಗುತ್ತವೆ. ಈಗ ನಾನು ಆಟಕ್ಕೆ ಎರಡು ಗಂಟೆ ಮೊದಲೇ ಚೌಕಿಗೆ ಹೋಗುತ್ತೇನೆ. ಅಲ್ಲಿ ದೊಡ್ಡ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ, ಮೊಬೈಲಿನಲ್ಲೇ ತೆಗೆಯುತ್ತೇನೆ. ದೊಡ್ಡ ಲೆನ್ಸು ಕಂಡರೆ ಕಲಾವಿದರು ಬೆನ್ನು ನೆಟ್ಟಗೆ ಮಾಡಿ ಮುಖ ಬಿಗಿಯುತ್ತಾರೆ. ಮೊಬೈಲು ಎಲ್ಲರ ಕೈಯಲ್ಲೂ ಇರುವುದೇ, ಯಾರೂ ತಲೆ ಎತ್ತುವುದಿಲ್ಲ. ಆಟವನ್ನಂತೂ ಈಗ ಎದುರು ಸಾಲಿನವರೆಲ್ಲ ವಿಡಿಯೋ ಮಾಡುತ್ತಾರೆ, ಎಷ್ಟೋ ಆಟಗಳು ಯೂಟ್ಯೂಬಿನಲ್ಲಿ ನೇರಪ್ರಸಾರವಾಗುತ್ತವೆ. ಕಾಡಿಗೆ ತೀಡುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ.

ನೆಗೆಟಿವ್ ಪೆಟ್ಟಿಗೆಗಳು ಇನ್ನೂ ಒಂಬತ್ತಿವೆ. ದಿನಕ್ಕೆ ಎರಡು ಕವರಿನಂತೆ ಸ್ಕ್ಯಾನ್ ಮಾಡುತ್ತಿದ್ದೇನೆ, ಪ್ರತಿ ರೋಲಿನ ಕೊನೆಯ ಪಟ್ಟಿಯಿಂದ ಹಿಂದಕ್ಕೆ. 34, 35, 36, ಕೆಲವೊಮ್ಮೆ ಅದೃಷ್ಟಕ್ಕೆ ಸಿಕ್ಕ 37. ಗೆಜ್ಜೆ ಬಿಚ್ಚುತ್ತಿರುವ ಕಾಲು, ಅಮ್ಮನ ಮಡಿಲಲ್ಲಿ ಮಲಗಿದ ಮಕ್ಕಳು, ಚಾದ ಅಂಗಡಿಯ ಪೆಟ್ರೋಮ್ಯಾಕ್ಸ್, ಮಂಗಳ ಮುಗಿದ ಮೇಲೆ ಮದ್ದಲೆಗೆ ಬಟ್ಟೆ ಸುತ್ತುತ್ತಿರುವ ಒಬ್ಬರು. ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ, ಹಿಂದೆಯೇ ಮಳೆ ಹಿಡಿಯುತ್ತದೆ. ಥಂಡಿಗೆ ಬೂಸರು ಇನ್ನಷ್ಟು ಹಬ್ಬುವ ಮೊದಲು ಒಂಬತ್ತನ್ನೂ ಮುಗಿಸಬೇಕು.