ಕೊನೇ ಹಾಡು ಚೆನ್ನಾಗಿತ್ತು

ಗುರುವಾರ, 3 ಏಪ್ರಿಲ್ 2025, ರೆಡಿಂಗ್

ಬರೆಯಲು ಕೂತಿದ್ದು ರಾತ್ರಿ ಒಂದೂವರೆಗೆ. ಅಂದರೆ ಶುಕ್ರವಾರವೇ ಆಯಿತು, ಇರಲಿ. ಇವತ್ತು ಒಂದು ಬ್ಯಾಂಡ್ ನೋಡಿದೆ, ಒಂದನ್ನು ತಪ್ಪಿಸಿಕೊಂಡೆ. ತಪ್ಪಿಸಿಕೊಂಡದ್ದನ್ನು ನೋಡಲೆಂದೇ ಹೋಗಿದ್ದೆ.

ಲಂಡನ್ನಿನ ಪೆಂಟನ್‌ವಿಲ್ ರಸ್ತೆಯಲ್ಲಿ ಲೆಕ್ಸಿಂಗ್‌ಟನ್ ಅಂತ ಒಂದು ಪಬ್ ಇದೆ. ಕೆಳಗೆ ಬಾರು, ಮಹಡಿಯ ಮೇಲೆ ಇನ್ನೂರು ಜನ ಹಿಡಿಯುವ ಕೋಣೆ. ಶೂಗೇಜ್ ಅನ್ನುವ, ಗಿಟಾರಿನ ದಟ್ಟ ಸದ್ದಿನ ರಾಕ್ ಸಂಗೀತ ನುಡಿಸುವ ಸಣ್ಣ ಬ್ಯಾಂಡುಗಳಿಗೆ ಇಂಥ ಮಹಡಿಗಳೇ ರಂಗಮಂದಿರ. ಟಿಕೆಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಇದ್ದದ್ದು ಒಂಬತ್ತು ಗಂಟೆಗೆ ಬರುವವರ ಹೆಸರು. ನನಗೆ ಬೇಕಾದವರು ಅದರ ಕೆಳಗೆ ಸಣ್ಣಕ್ಷರದಲ್ಲಿದ್ದರು. ಏಳೂಮುಕ್ಕಾಲಿಗೆ ಹತ್ತಿ ಅರ್ಧ ಗಂಟೆಯಲ್ಲಿ ಇಳಿದುಹೋಗುವವರು. ಮೂವರೇ, ಬ್ಯಾಂಡ್‌ಕ್ಯಾಂಪ್ ಅನ್ನುವ ಸಂಗೀತದ ಜಾಲತಾಣದಲ್ಲಿ ನಾಲ್ಕೇ ಹಾಡು. ಎರಡು ತಿಂಗಳಿಂದ ಆಫೀಸಿಗೆ ನಡೆದು ಹೋಗುವಾಗ ಆ ನಾಲ್ಕನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆ.

ನಾವಿರುವ ರೆಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ 25 ನಿಮಿಷ. (ಊರಲ್ಲಿ ಎಲ್ಲರೂ ಇದನ್ನು ‘ರೀಡಿಂಗ್’ ಅಂತಲೇ ಓದುತ್ತಾರೆ. ತಿದ್ದುವುದನ್ನು ಬಿಟ್ಟು ವರ್ಷಗಳಾದವು.) ಆರೂವರೆ ದಾಟಿದ ಮೇಲಿನ ಗಾಡಿ ಹಿಡಿದೆ, ಸಾಕಷ್ಟು ಸಮಯವಿದೆ ಅಂದುಕೊಂಡೇ. ನಡುವಿನ ಸ್ಲೌ ನಿಲ್ದಾಣ ಇನ್ನೂ ಬಂದಿರಲಿಲ್ಲ, ಗಾಡಿ ನಿಂತಿತು. ಸಿಗ್ನಲ್ ಕೆಟ್ಟಿದೆಯಂತೆ. ಐವತ್ತು ನಿಮಿಷ. ಕಿಟಕಿಯಾಚೆ ಒಂದು ಕುದುರೆ ಹುಲ್ಲು ಮೇಯುತ್ತಿತ್ತು; ನಾನು ಕೈಗಡಿಯಾರ ನೋಡಿದಾಗೆಲ್ಲ ಅದೂ ತಲೆಯೆತ್ತಿ ನನ್ನನ್ನು ನೋಡಿದಂತಾಗುತ್ತಿತ್ತು. ಏಳೂಮುಕ್ಕಾಲಾದಾಗ ಫೋನಿನಲ್ಲಿ ಅವರ ಮೊದಲ ಹಾಡು ಹಾಕಿಕೊಂಡೆ. ಅಲ್ಲಿ ಅವರು ನಿಜವಾಗಿ ನುಡಿಸುತ್ತಿರುವಾಗ ಇಲ್ಲಿ ಇಯರ್‌ಫೋನಿನಲ್ಲಿ ಕೇಳುವುದು. ಇದರಷ್ಟು ಪೆದ್ದ ಕೆಲಸ ಇನ್ನೊಂದಿಲ್ಲ, ಆದರೂ ಮಾಡಿದೆ.

ಕಿಂಗ್ಸ್ ಕ್ರಾಸ್‌ನಿಂದ ಆ ಏರುರಸ್ತೆಯನ್ನು ಓಡುತ್ತಾ ಹತ್ತಿ, ಪಬ್ಬಿನ ಮೆಟ್ಟಿಲನ್ನೂ ಹತ್ತಿ ಒಳಗೆ ಹೋದಾಗ ಎಂಟೂ ಇಪ್ಪತ್ತೈದು. ವೇದಿಕೆಯ ಮೇಲೆ ಒಬ್ಬ ಹುಡುಗಿ ಮಂಡಿಯೂರಿ ವೈರು ಸುತ್ತುತ್ತಿದ್ದಳು. ಅವಳೇ ಗಿಟಾರು ನುಡಿಸುವವಳು, ಹಾಡುವವಳೂ ಅವಳೇ. ಎದುರಿಗೆ ಒಂದು ಹಲಗೆ, ಅದರ ಮೇಲೆ ಒಂಬತ್ತು ಪೆಡಲುಗಳು, ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಪುಟ್ಟ ಡಬ್ಬಿಗಳು. ಎರಡು ಫಝ್, ಮೂರು ಡಿಲೇ, ಉಳಿದವು ಗುರುತು ಸಿಗಲಿಲ್ಲ. ಕೆಲವಕ್ಕೆ ಬಿಳಿ ಟೇಪು ಅಂಟಿಸಿ ಪೆನ್ನಿನಲ್ಲಿ ಏನೋ ಬರೆದಿತ್ತು. ಹೆಜ್ಜೆಹೆಜ್ಜೆಗೂ ಇವನ್ನು ಒತ್ತಬೇಕಾದ್ದರಿಂದ ನುಡಿಸುವವರ ಕಣ್ಣು ಕಾಲಬುಡ ಬಿಟ್ಟು ಏಳುವುದಿಲ್ಲ. ಅದಕ್ಕೇ 1990ರ ಸುಮಾರಿಗೆ ಇಲ್ಲಿಯ ಸಂಗೀತ ಪತ್ರಿಕೆಗಳು ಇವರನ್ನು ‘ಬೂಟು ನೋಡುವವರು’ ಅಂತ ಗೇಲಿ ಮಾಡಿದವು. ಆ ಗೇಲಿಯೇ ‘ಶೂಗೇಜ್’ ಅನ್ನುವ ಹೆಸರಾಗಿ ನಿಂತಿತು.

ನೆಲಕ್ಕೆ ಅಂಟಿಸಿದ್ದ ಹಾಡಿನ ಪಟ್ಟಿ ಇನ್ನೂ ಅಲ್ಲೇ ಇತ್ತು. ಆರು ಹಾಡು. ನಾಲ್ಕು ಗೊತ್ತಿದ್ದವು. ಐದನೆಯದು, ಆರನೆಯದು ನಾನು ಎಲ್ಲೂ ಕೇಳದವು.

ಆಮೇಲೆ ಮೆಟ್ಟಿಲ ಪಕ್ಕ ಮೇಜು ಹಾಕಿಕೊಂಡು ಅವಳೇ ಕ್ಯಾಸೆಟ್ ಮಾರಲು ನಿಂತಳು. ಐವತ್ತೇ ಪ್ರತಿ ಮಾಡಿಸಿದ್ದಂತೆ. ಒಂದು ಕೊಂಡೆ. “ಹೇಗಿತ್ತು?” ಅಂದಳು. ಬೆವರಿನಲ್ಲಿ ಕೂದಲು ಹಣೆಗೆ ಅಂಟಿತ್ತು. ಬಂದದ್ದೇ ಈಗ ಅನ್ನುವ ಮಾತು ಗಂಟಲಲ್ಲೇ ಉಳಿದು, “ಭಾಳ ಚೆನ್ನಾಗಿತ್ತು, ಅದರಲ್ಲೂ ಕೊನೇ ಹಾಡು” ಅಂದುಬಿಟ್ಟೆ. ಇಂಗ್ಲಿಷಿನಲ್ಲಿ, ಪೂರ್ತಿ ಭಕ್ತಿಯಿಂದ.

ಅವಳು ಒಂದು ಕ್ಷಣ ನೋಡಿದಳು. “ಕೊನೇದು ನುಡಿಸಲೇ ಇಲ್ಲ. ಐದನೆಯದರಲ್ಲಿ ತಂತಿ ಹರೀತು.”

ಏನು ಹೇಳಲಿ? ಸ್ಲೌ, ಸಿಗ್ನಲ್ಲು, ಕುದುರೆ ಎಲ್ಲ ಒದರಿದೆ. ಅವಳು ಜೋರಾಗಿ ನಕ್ಕಳು. ಶನಿವಾರ ಆಕ್ಸ್‌ಫರ್ಡ್‌ನಲ್ಲಿ ನುಡಿಸುತ್ತೇವೆ, ಎಂಟು ಗಂಟೆಗೆ, ಆ ಹಾಡನ್ನು ಕೇಳಿಯೇ ಹೇಳು ಅಂದಳು. ಆಕ್ಸ್‌ಫರ್ಡ್ ಅಂದರೆ ಇದೇ ಶೈಲಿಯ ರೈಡ್ ಬ್ಯಾಂಡ್ ಹುಟ್ಟಿದ ಊರು, ಹೋಗಲು ಅದೂ ಒಂದು ನೆಪ.

ದೊಡ್ಡಕ್ಷರದವರೂ ಕಡಿಮೆಯೇನಲ್ಲ. ನೂರಿಪ್ಪತ್ತು ಜನ ಇದ್ದಿರಬೇಕು. ಅರ್ಧದಷ್ಟು ಐವತ್ತು ದಾಟಿದ ಗಂಡಸರು, ಎದೆಯ ಮೇಲೆ ಬಣ್ಣ ಹೋದ ಟೀಶರ್ಟು. ಉಳಿದರ್ಧ ಟಿಕ್‌ಟಾಕಿನಲ್ಲಿ ಈ ನಾದ ಕೇಳಿ ಬಂದ ಇಪ್ಪತ್ತರ ಮಕ್ಕಳು. ನಡುವಯಸ್ಸಿನವನು ನಾನೊಬ್ಬನೇ ಅನ್ನಿಸಿತು. ಕಿವಿಗೆ ಪ್ಲಗ್ ತುರುಕಿಕೊಂಡೆ. ಇದರಲ್ಲಿ ನಾಚಿಕೆಯೇನಿಲ್ಲ. 2008ರಲ್ಲಿ ಶೂಗೇಜಿನ ಹೆಸರಾಂತ ಬ್ಯಾಂಡ್ ಮೈ ಬ್ಲಡಿ ವ್ಯಾಲಂಟೈನ್ ಮತ್ತೆ ಒಂದಾಗಿ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದಾಗ ಬಂದವರಿಗೆಲ್ಲ ಕಿವಿಪ್ಲಗ್ ಹಂಚಿದ್ದರು, ಅಂಥ ಸದ್ದು.

ಆದರೆ ಬರೀ ಸದ್ದಲ್ಲ ಅದು. ಆ ಬ್ಯಾಂಡಿನ ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟುತ್ತಾರೆ. ಸ್ವರ ನಿಂತಲ್ಲಿ ನಿಲ್ಲುವುದಿಲ್ಲ, ಉದ್ದಕ್ಕೂ ಚೂರು ಇಳಿದು ಚೂರು ಏರುತ್ತಿರುತ್ತದೆ. ಇವತ್ತಿನವರದೂ ಅದೇ ದಾರಿ. ಮಾತು ಕೇಳಿಸದಷ್ಟು ಒಳಗೆ ಹುಗಿದ ದನಿ, ಅದರ ಮೇಲೆ ಎರಡು ಗಿಟಾರಿನ ಕಂಬಳಿ. ಮೂರನೇ ಹಾಡಿನ ಹೊತ್ತಿಗೆ ಯಾವುದು ಗಿಟಾರು, ಯಾವುದು ದನಿ, ಯಾವುದು ಗೋಡೆಯ ಕಂಪನ ಎಂದು ಬಿಡಿಸಲಾಗಲಿಲ್ಲ. ಯಾರೂ ನುಡಿಸದ ಒಂದು ಎಳೆ ಮೇಲೆಲ್ಲೋ ಸಣ್ಣಗೆ ಹಾಡುತ್ತಿತ್ತು. ಧಾರವಾಡದಲ್ಲಿ ಬೆಳೆದವನಿಗೆ ಇದೇನು ಹೊಸದಲ್ಲ. ನಮ್ಮ ಮನೆಯಲ್ಲಿ ಮಿರಜಿನ ತಂಬೂರಿ ಇತ್ತು. ಅಪ್ಪ ತಂತಿಯ ಕೆಳಗೆ ದಾರದ ಎಳೆ ಸರಿಸುತ್ತಾ ಸರಿಸುತ್ತಾ ಜವಾರಿ (ತಂತಿಯ ಝೇಂಕಾರ) ಕೂಡಿಸುವಾಗ ಒಂದು ಹಂತದಲ್ಲಿ ನಾಲ್ಕು ತಂತಿಯಿಂದ ಐದನೆಯ ಸ್ವರ ಏಳುತ್ತಿತ್ತು. ಏಳುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಹೋದ ವರ್ಷ ಅಪ್ಪನಿಗೆ ಫೋನಿನಲ್ಲಿ ಒಂದು ಹಾಡು ಕೇಳಿಸಿದ್ದೆ. ನಾಲ್ಕು ನಿಮಿಷ ಸುಮ್ಮನೆ ಕೇಳಿ, “ಇನ್ನೂ ಶ್ರುತಿ ಮಾಡ್ಲಿಕ್ಕತ್ತಾರೇನಪಾ? ಹಾಡೋದು ಯಾವಾಗ?” ಅಂದರು. ಹಾಡು ಮುಗಿದಿತ್ತು.

ತಪ್ಪಿಸಿಕೊಂಡದ್ದು ಇದೇ ಮೊದಲಲ್ಲ. 2020ರ ಏಪ್ರಿಲಿಗೆ ಕೊಂಡ ಟಿಕೆಟ್ ಒಂದಿತ್ತು. ಕೊರೊನಾ ಅಂತ ಮುಂದೂಡಿದರು, ಮತ್ತೆ ಮುಂದೂಡಿದರು, ಮೂರನೆಯ ಸಲ ತಾರೀಕಿನ ಬದಲು ಬ್ಯಾಂಡೇ ಮುರಿದ ಸುದ್ದಿ ಬಂತು. ದುಡ್ಡು ವಾಪಸ್ ಬಂತು, ಅಷ್ಟೆ. ದೊಡ್ಡವರ ಮಾತು ಬೇರೆ. ನಾವಿರುವ ಇದೇ ರೆಡಿಂಗ್‌ನ ಸ್ಲೋಡೈವ್ ನೋಡಿ: ಮೂರನೇ ಆಲ್ಬಮ್ ಬಂದ 1995ರಲ್ಲೇ ಅವರ ರೆಕಾರ್ಡು ಹೊರತರುತ್ತಿದ್ದ ಕ್ರಿಯೇಷನ್ ಕಂಪನಿ ಅವರನ್ನು ಕೈಬಿಟ್ಟಿತು, ಬ್ಯಾಂಡು ಮುರಿಯಿತು, 2014ರಲ್ಲಿ ಮತ್ತೆ ಕೂಡಿ ಈಗ ಮೊದಲಿಗಿಂತ ದೊಡ್ಡ ಸಭಾಂಗಣ ತುಂಬಿಸುತ್ತಾರೆ. ಹತ್ತೊಂಬತ್ತು ವರ್ಷ ತಡವಾಗಿ ಹೋದವರಿಗೂ ಸಿಕ್ಕರು. ಐವತ್ತು ಕ್ಯಾಸೆಟ್ಟಿನವರನ್ನು ಅಷ್ಟು ವರ್ಷ ಯಾರು ಕಾಯುತ್ತಾರೆ? ಅವರಲ್ಲೊಬ್ಬರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಮುಗಿಯಿತು.

ಹನ್ನೊಂದರೊಳಗೆ ಎಲ್ಲ ಮುಗಿಯಿತು. ಪ್ಯಾಡಿಂಗ್ಟನ್‌ನಲ್ಲಿ ಕಾದು ಸಿಕ್ಕ ಗಾಡಿ ಹತ್ತಿದೆ. ಅದೇ ಸ್ಲೌ ಈ ಸಲ ಸರ್ರನೆ ದಾಟಿತು. ಕ್ಯಾಸೆಟ್ ತಿರುವಿ ತಿರುವಿ ನೋಡಿದೆ. ಆರನೇ ಹಾಡು ಇದರಲ್ಲೂ ಇಲ್ಲ, ಇದ್ದರೂ ಕೇಳಲು ಮನೆಯಲ್ಲಿ ಟೇಪ್‌ರೆಕಾರ್ಡರ್ ಇಲ್ಲ.

ಶನಿವಾರ ಇಲ್ಲಿಯ ಕನ್ನಡದವರ ಯುಗಾದಿ, ಶಾಲೆಯೊಂದರ ಹಾಲಿನಲ್ಲಿ, ಮೂರರಿಂದ ಏಳು. ಹಬ್ಬ ಹೋದ ಭಾನುವಾರವೇ ಆಯಿತು, ಆದರೆ ನಮಗೆ ಹಾಲು ಸಿಕ್ಕ ದಿನವೇ ಹಬ್ಬ. ಲೆಕ್ಕ ಹಾಕಿದೆ. ಆಕ್ಸ್‌ಫರ್ಡ್‌ಗೆ ವೇಗದ ಗಾಡಿ ಅರ್ಧ ಗಂಟೆಯೊಳಗೆ. ಹೋಳಿಗೆ ಊಟ ಮುಗಿಸಿ ಆರೂವರೆಗೆ ಜಾರಿದರೆ ಆರಾಮ. ರೈಲಿನಿಂದಲೇ ಹೆಂಡತಿಗೆ ಮೆಸೇಜ್ ಹಾಕಿದೆ, ಶನಿವಾರ ಸ್ವಲ್ಪ ಬೇಗ ಹೊರಡಲೇನು ಅಂತ. ಮಲಗಿರುತ್ತಾಳೆ ಅಂದುಕೊಂಡಿದ್ದೆ. ತಕ್ಷಣ ಉತ್ತರ ಬಂತು.

“ಅಂತ್ಯಾಕ್ಷರಿ ಆರೂವರೆಕ್ಕ ಐತಿ. ಮೈಕ್ ಯಾರು ನೋಡ್ತಾರ?”