ಐದು ಕಣಜಗಳ ಊರು

ರೋಣದ ಕಡೆ ಎರೆ ಹೊಲಗಳ ನಡುವೆ ಬೆಳೆದವರಿಗೆ ಕೆನಡಾದ ಪ್ರೇರಿ ಬಯಲು ಅಷ್ಟೇನೂ ಹೊಸದಲ್ಲ. ಕಣ್ಣಿಗೆ ಅಡ್ಡ ಬರುವ ಗುಡ್ಡ ಇಲ್ಲ. ಮಳೆ ಬರುವುದು ಅರ್ಧ ಗಂಟೆ ಮೊದಲೇ ಕಾಣುತ್ತದೆ. ವಿನ್ನಿಪೆಗ್‌ಗೆ ಬಂದ ಮೊದಲ ವರ್ಷ ನನಗೆ ಚಳಿ ತಡೆಯಲು ಆಗಲಿಲ್ಲ, ಆದರೆ ಊರಾಚೆ ಹೋಗಿ ಆ ಬಯಲು ನೋಡಿದಾಗ ಮಾತ್ರ ನಮ್ಮ ಕಡೆಗೇ ಬಂದಂತೆ ಆಗುತ್ತಿತ್ತು.

ಹೋದ ವರ್ಷ ಸೆಪ್ಟೆಂಬರ್ ಕೊನೆಯ ಭಾನುವಾರ ನಾನು, ಹೆಂಡತಿ, ಮಗಳು ಇಂಗ್ಲಿಸ್ ಅನ್ನೋ ಊರಿಗೆ ಹೋದೆವು. ನಾವಿರುವ ಮ್ಯಾನಿಟೋಬಾ ಪ್ರಾಂತ್ಯದ ಪಶ್ಚಿಮದ ಅಂಚಿನಲ್ಲಿದೆ. ನೀಪಾವಾ, ಮಿನ್ನೆಡೋಸಾ, ರಸೆಲ್ ದಾಟಿ ನಾಲ್ಕು ಗಂಟೆ ದಾರಿ. ಒಂದಿನ್ನೂರು ಜನ ಇರುವ ಸಣ್ಣ ಊರು. ಅಲ್ಲಿ ಮರದ ಐದು ಎಲಿವೇಟರ್‌ಗಳು ಸಾಲಾಗಿ ನಿಂತಿವೆ. ಎಲಿವೇಟರ್ ಅಂದರೆ ಇಲ್ಲಿ ಜನ ಹತ್ತುವ ಲಿಫ್ಟ್ ಅಲ್ಲ, ಕಾಳನ್ನು ಮೇಲಕ್ಕೆತ್ತಿ ತುಂಬಿಡುವ ಕಣಜ. ಊರು ಕಾಣುವ ಎಷ್ಟೋ ಮೊದಲು ಅವೇ ಕಂಡವು. ಮಗಳು ಗುಡಿ ಅಂದುಕೊಂಡಳು. ನನಗೂ ಬನಶಂಕರಿ ಜಾತ್ರೆಗೆ ಹೋಗುವಾಗ ದೂರದಿಂದ ತೇರಿನ ಕಳಸ ಕಂಡ ಹಾಗಾಯಿತು.

ಮೊದಲೇ ಫೋನ್ ಮಾಡಿದ್ದೆ. ಬೀಗದ ಕೈ ಹಿಡಿದುಕೊಂಡು ಒಬ್ಬ ಅಜ್ಜ ಕಾಯುತ್ತಿದ್ದರು. ಎಂಬತ್ತು ದಾಟಿದ ರೈತ. ಜೀವನಪೂರ್ತಿ ಇಲ್ಲಿಗೇ ಗೋಧಿ ತಂದು ಹಾಕಿದವರು. 1922ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲು ಈ ಊರಿಗೆ ಬಂತು, ಆ ವರ್ಷದಿಂದ 1941ರವರೆಗೆ ಒಂದೊಂದಾಗಿ ಇವು ಎದ್ದವು ಅಂತ ಹೇಳಿದರು. ಆಗ ಗೋಧಿ ಬರುತ್ತಿದ್ದುದು ಕುದುರೆ ಗಾಡಿಯಲ್ಲಿ. ಒಂದೇ ದಿನದಲ್ಲಿ ಹೋಗಿ ಮನೆಗೆ ವಾಪಸ್ ಬರಬೇಕು ಅಲ್ವಾ? ಅದಕ್ಕೇ ರೈಲು ದಾರಿಯುದ್ದಕ್ಕೂ ಹತ್ತು, ಹದಿನೈದು ಕಿಲೋಮೀಟರಿಗೆ ಒಂದರಂತೆ ಕಣಜ ಕಟ್ಟಿದರು. ಅದರ ಸುತ್ತ ಅಂಗಡಿ, ಅಂಚೆ ಕಚೇರಿ, ಶಾಲೆ ಬಂದವು. ಇಲ್ಲಿಯ ಎಷ್ಟೋ ಊರುಗಳು ಹುಟ್ಟಿದ್ದೇ ಹೀಗೆ.

ಅಜ್ಜ ಬಾಗಿಲು ತೆಗೆದರು. ಒಳಗೆ ಹಳೇ ಗೋಧಿಯ ಧೂಳಿನ ವಾಸನೆ. ನೆಲದಲ್ಲಿ ಗಾಡಿ ನಿಲ್ಲಿಸುವ ದೊಡ್ಡ ತಕ್ಕಡಿ, ಪಕ್ಕದಲ್ಲೇ ಕಬ್ಬಿಣದ ಜಾಲರಿ. ಗಾಡಿಯನ್ನು ತುಂಬಿದಾಗ ಒಮ್ಮೆ ತೂಗುತ್ತಾರೆ, ಸುರಿದ ಮೇಲೆ ಮತ್ತೊಮ್ಮೆ ತೂಗುತ್ತಾರೆ. ಸುರಿದ ಕಾಳು ಜಾಲರಿಯಿಂದ ಕೆಳಗಿನ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಒಂದು ಉದ್ದನೆಯ ಬೆಲ್ಟು ಮೇಲಿನ ತುದಿಯವರೆಗೆ ಸುತ್ತುತ್ತದೆ. ಬೆಲ್ಟಿನ ತುಂಬ ತಗಡಿನ ಬಟ್ಟಲುಗಳು, ಒಂದೊಂದೂ ನಮ್ಮ ಸೇರಿನಷ್ಟು. ಕೆಳಗೆ ಕಾಳು ತೋಡಿಕೊಂಡು, ಮೇಲೆ ಹೋಗಿ ಕೊಳವೆಗೆ ಸುರಿದು, ಖಾಲಿಯಾಗಿ ಇಳಿಯುತ್ತವೆ. ಬೇಕಾದ ಕೋಣೆಯ ಕಡೆಗೆ ಕೊಳವೆ ತಿರುಗಿಸಿದರೆ ಆಯಿತು. ನಮ್ಮ ಹೊಲದ ಬಾವಿಯಲ್ಲಿ ರಹಾಟ ನೀರೆತ್ತುತ್ತಿದ್ದ ಹಾಗೇ ಇದೆ.

ನಾನು ಜಾಸ್ತಿ ಹೊತ್ತು ನೋಡಿದ್ದು ಗೋಡೆಯನ್ನು. ಹಲಗೆಗಳನ್ನು ನಿಲ್ಲಿಸಿಲ್ಲ. ಇಟ್ಟಿಗೆಯಂತೆ ಒಂದರ ಮೇಲೊಂದು ಮಲಗಿಸಿ ಮೊಳೆ ಹೊಡೆದಿದ್ದಾರೆ. ಕಾಳು ಸುಮ್ಮನೆ ಕೂರುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ. ನಿಲ್ಲಿಸಿದ ಹಲಗೆ ಆ ಒತ್ತಡಕ್ಕೆ ಹಿಗ್ಗಿ ಬಿಡುತ್ತದೆ, ಮಲಗಿಸಿದ್ದು ತಡೆಯುತ್ತದೆ. ಕಾಳು ಉಜ್ಜಿ ಉಜ್ಜಿ ಒಳಗಿನ ಮರ ಗಾಜಿನಷ್ಟು ನುಣುಪಾಗಿತ್ತು. ಮಗಳ ಕೈ ಹಿಡಿದು ಮುಟ್ಟಿಸಿದೆ.

ತೂಕದ ಲೆಕ್ಕ ಬರೆಯುತ್ತಿದ್ದ ಕಚೇರಿ ಬೇರೆಯಾಗಿದೆ. ಎಂಜಿನ್ನೂ ಅಲ್ಲೇ ಇತ್ತು, ಕಣಜದೊಳಗೆ ಇಡುತ್ತಿರಲಿಲ್ಲ. ಧೂಳಿಗೆ ಒಂದು ಕಿಡಿ ತಾಗಿದರೂ ಸಾಕು. ಚಳಿಗಾಲದಲ್ಲಿ ರೈತರು ಆ ಕಚೇರಿಯ ಒಲೆ ಸುತ್ತ ಕೂತು ದಿನ ಕಳೆಯುತ್ತಿದ್ದರಂತೆ. ಅಪ್ಪ ರಾಶಿ ಅಳೆಯುವಾಗ ಮೊದಲನೇ ಸೇರಿಗೆ 'ಒಂದು' ಅನ್ನದೆ 'ಲಾಭ' ಅಂತ ಎಣಿಸುತ್ತಿದ್ದುದನ್ನು ಅಜ್ಜನಿಗೆ ಹೇಳಿದೆ. ಅವರು ಆ ಮಾತನ್ನು ಎರಡು ಸಲ ಹೇಳಿಸಿಕೊಂಡು, ತಾವೂ ಹೇಳಿ ನೋಡಿದರು. 'ಲಾಬಾ.'

1930ರ ದಶಕದಲ್ಲಿ ಪಶ್ಚಿಮ ಕೆನಡಾದಲ್ಲಿ ಇಂಥ ಕಣಜಗಳು 5,700ಕ್ಕೂ ಹೆಚ್ಚು ಇದ್ದವು. ಆಮೇಲೆ ದೊಡ್ಡ ಲಾರಿ ಬಂದವು. ಮುಖ್ಯ ರೈಲು ಮಾರ್ಗದ ಪಕ್ಕ ಕಾಂಕ್ರೀಟಿನ ದೊಡ್ಡ ಗೋಪುರಗಳು ಎದ್ದವು. 1995ರಲ್ಲಿ ಧಾನ್ಯ ಸಾಗಣೆಗೆ ಸರ್ಕಾರ ಕೊಡುತ್ತಿದ್ದ ಸಹಾಯವೂ ನಿಂತಿತು. ಕವಲು ದಾರಿಗಳನ್ನು ರೈಲ್ವೆಯವರು ಒಂದೊಂದಾಗಿ ಬಿಟ್ಟರು. ಕಣಜಗಳನ್ನು ಕೆಡವಿದರು, ಸುಟ್ಟರು. ಇಂಗ್ಲಿಸ್‌ನ ದಾರಿಯನ್ನೂ 1996ರಲ್ಲಿ ಕೈಬಿಟ್ಟರು. ಆದರೆ ಅದರ ಹಿಂದಿನ ವರ್ಷವೇ ಈ ಐದಕ್ಕೂ ರಾಷ್ಟ್ರೀಯ ಸ್ಮಾರಕದ ಮನ್ನಣೆ ಸಿಕ್ಕಿತ್ತು. ಇಷ್ಟು ಸಣ್ಣ ಊರು ಇವನ್ನು ಉಳಿಸಿಕೊಂಡು, ಬಣ್ಣ ಬಳಿದು, ಬಂದವರಿಗೆ ಬಾಗಿಲು ತೆಗೆದು ತೋರಿಸುತ್ತಿದೆ. ನನಗೆ ಅಜ್ಜನ ಮೇಲೆ ಎಷ್ಟು ಗೌರವ ಬಂತೋ, ನಮ್ಮ ಕಣಜ ಉಳಿಸಿಕೊಳ್ಳದ ನಮ್ಮ ಮೇಲೆ ಅಷ್ಟೇ ಬೇಜಾರಾಯಿತು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಅಜ್ಜನ ಹಿರಿಯರಿಗೆ 160 ಎಕರೆ ಸಿಕ್ಕಿದ್ದು ಬರೀ 10 ಡಾಲರ್ ಶುಲ್ಕಕ್ಕೆ. ಅದು ಯಾರೂ ಇಲ್ಲದ ನೆಲ ಆಗಿರಲಿಲ್ಲ. ಹತ್ತಿರದ ರೈಡಿಂಗ್ ಮೌಂಟನ್ ರಾಷ್ಟ್ರೀಯ ಉದ್ಯಾನದಿಂದ 1936ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರನ್ನು ಹೊರಗೆ ಹಾಕಿ ಅವರ ಮನೆಗಳನ್ನು ಸುಟ್ಟಿದ್ದರು. ಇದನ್ನು ನಾನು ಕೇಳಿರಲಿಲ್ಲ, ಅಜ್ಜನೇ ತಾವಾಗಿ ಹೇಳಿದರು. ಹೇಳುವಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ವಾಪಸ್ ಬರುವಾಗ ದಾರಿಯ ಒಂದು ಊರಿನಲ್ಲಿ ಸುಗ್ಗಿಯ ಊಟ ಇತ್ತು. ಇಲ್ಲಿ ಅದಕ್ಕೆ ಫೌಲ್ ಸಪ್ಪರ್ ಅಂತಾರೆ. ಆಲೂಗಡ್ಡೆ ತುಂಬಿದ ಪೆರೋಗಿ, ಥೇಟ್ ನಮ್ಮ ಕಡುಬಿನ ಹಾಗೆ. ಮಗಳು ಎರಡು ಸಲ ಹಾಕಿಸಿಕೊಂಡಳು.

ರಾತ್ರಿ ಮನೆಗೆ ಬಂದವನೇ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ನಮ್ಮ ಮನೆ ಅಂಗಳದಲ್ಲಿ ಒಂದು ಹಗೇವು ಇತ್ತು. ಬಾವಿಯಂತೆ ಅಗೆದು, ಸುತ್ತ ಹುಲ್ಲು ಹಾಕಿ, ಬಿಳಿಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆಯುತ್ತಿದ್ದರು. ನಾನು ಅದರೊಳಗೆ ಇಳಿದಿದ್ದು ಒಂದೇ ಸಲ, ಅಪ್ಪನ ಹೆಗಲ ಮೇಲಿಂದ. ಆಮೇಲೆ ಅಂಗಳಕ್ಕೆ ಸಿಮೆಂಟು ಬಂತು.

"ಅಪ್ಪಾ, ನಮ್ಮ ಹಗೇವು ಎಲ್ಲಿತ್ತು?"

"ಈಗ ಕಾಕಾ ಬೈಕ್ ನಿಲ್ಲಸ್ತಾನಲ್ಲ, ಅಲ್ಲೇ ಕೆಳಗ ಐತಿ."

"ಮುಚ್ಚಿಲ್ಲೇನು?"

"ಎಲ್ಲಿ ಮುಚ್ಚೋದು? ಬಾಯಿಗೆ ಬಂಡೆಗಲ್ಲು ಇಟ್ಟು ಮ್ಯಾಲೆ ಸಿಮೆಂಟ್ ಹಾಕೀವಿ. ಒಳಗ ಹಂಗ ಐತಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀ ಬಂದಾಗ ತಗಿಸಿ ನೋಡೂಣು. ಆದ್ರ ತಗದಕೂಡ್ಲೇ ಇಳೀಬಾರದು. ಒಂದಿನ ಗಾಳಿಗೆ ಬಿಡಬೇಕು, ಆಮ್ಯಾಲೆ ಕಂದೀಲು ಇಳಸಬೇಕು. ಕಂದೀಲು ಆರಲಿಲ್ಲಂದ್ರ ಮೊದಲ ನಾ ಇಳೀತೀನಿ."